ದೆವ್ವದ ಪುಸ್ತಕಕ್ಕ ಜಾಗಾ ಯಾಕಿಲ್ಲ?

ನಮ್ಮ ವಾಚನಾಲಯದಾಗ ದೆವ್ವದ ಕತಿ, ಪತ್ತೇದಾರಿ ಕಾದಂಬರಿ ಇಡಬಾರದು, ಹುಡುಗರಲ್ಲಿ ಅಂಧಶ್ರದ್ಧೆ ಬೆಳೀತೈತಿ ಅಂತ ಕೆಲವು ಗುರುಗಳು ಹೇಳ್ತಾರ. ಗುರುಗಳಿಗೆ ಶರಣು ಮಾಡೇ ಹೇಳತೀನಿ, ಈ ಮಾತು ನಾನು ಒಪ್ಪೂದಿಲ್ಲ.

ಅಮೇರಿಕಾದ ಒಂದು ಪುಸ್ತಕ ತಗೋರಿ. ‘ದಿ ಘೋಸ್ಟ್ ಅಂಡ್ ಮಿಸೆಸ್ ಮೆಕ್ಲೂರ್’ ಅಂತ, 2004ರಾಗ ಬಂದದ್ದು. ಆಲಿಸ್ ಕಿಂಬರ್ಲಿ ಅನ್ನೋ ಹೆಸರಿನ್ಯಾಗ ಗಂಡ-ಹೆಂಡತಿ ಕೂಡಿ ಬರದಾರ. ನನಗ ಇಂಗ್ಲಿಷ್ ಬರೂದಿಲ್ಲ, ಮೊಮ್ಮಗಳು ಓದಿ ಕನ್ನಡದಾಗ ಹೇಳಿದಳು. ಪೆನೆಲೊಪಿ ಅಂತ ಗಂಡ ಸತ್ತ ಹೆಣ್ಣುಮಗಳು, ಮಗನ್ನ ಕರಕೊಂಡು ನ್ಯೂಯಾರ್ಕ್ ಬಿಟ್ಟು ರೋಡ್ ಐಲೆಂಡ್ ರಾಜ್ಯದ ಸಣ್ಣ ಊರಿಗೆ ಬಂದು, ಸೋದರತ್ತಿ ಕೂಡ ಪುಸ್ತಕದಂಗಡಿ ನಡಸ್ತಾಳ. ಆ ಅಂಗಡ್ಯಾಗ ಜ್ಯಾಕ್ ಶೆಫರ್ಡ್ ಅನ್ನೋ ದೆವ್ವ ಐತಿ. ಬದುಕಿದ್ದಾಗ ಅವ ಖಾಸಗಿ ಪತ್ತೇದಾರ. 1949ರಾಗ ಅವನ್ನ ಅದೇ ಜಾಗಾದಾಗ ಕೊಂದಿದ್ರು. ಈಗ ಭಾಷಣಕ್ಕ ಬಂದ ಒಬ್ಬ ಕಾದಂಬರಿಕಾರ ಅಂಗಡ್ಯಾಗೇ ಮಂದಿ ಮುಂದ ಸಾಯ್ತಾನ.

ದೆವ್ವದ ಮಾತು ಕೇಳೂದು ಆಕಿ ಒಬ್ಬಾಕಿಗೇ. ಪೊಲೀಸರ ಮುಂದ ದೆವ್ವ ಹೇಳೇತ್ರಿ ಅಂದ್ರ ಯಾರು ನಂಬ್ಯಾರು? ಅದಕ್ಕ ಆಕಿನೇ ತಿರಗಾಡಿ, ನಾಕು ಮಂದೀನ್ನ ಕೇಳಿ, ಪುರಾವೆ ಹುಡಕಬೇಕು. ಈ ದೆವ್ವ ಮೈಮ್ಯಾಲ ಬರೂದಿಲ್ಲ, ಕೋಳಿ ಬೇಡೂದಿಲ್ಲ. ಹೆಂಗ ವಿಚಾರಿಸಬೇಕು ಅಂತ ತನ್ನ ಹಳೇ ಕಸಬು ಹೇಳಿಕೊಡತೈತಿ. ಇದು ಅಂಧಶ್ರದ್ಧೆ ಹೆಂಗಾತು?

ಮಹಾರಾಷ್ಟ್ರದಾಗ 2013ರಿಂದ ಜಾದೂಟೋಣಾ ವಿರುದ್ಧ ಕಾಯ್ದೆ ಐತಿ ಅಂತೀರಿ. ಇರಲೇಬೇಕು. ದೆವ್ವ ಬಿಡಸ್ತೀನಂತ ಹಗ್ಗ ಕಟ್ಟಿ ಬಡಿಯುವವನನ್ನ ಅದು ಹಿಡಿತೈತಿ. ಕತಿ ಓದುವ ಹುಡುಗನ್ನ ಅಲ್ಲ. ಗೀಗೀ ಮ್ಯಾಳದಾಗ ಹಾಡಿದವ ನಾನು. ಸತ್ತವರು ಮಾತಾಡುವ ಪದ ಬಂದ್ರ ಹಿಂದ ಕುಂತ ಮಂದಿ ಮುಂದ ಸರೀತಾರ, ಅಂಜಿ ಮನಿಗೆ ಓಡೂದಿಲ್ಲ. ಕೊಂದಾಂವ ಯಾರು ಅಂತ ಕೇಳ್ತಾರ.

ಇನ್ನ ಪತ್ತೇದಾರಿ ಅಂದ್ರ ಕೀಳು ಅನ್ನೋ ಮಾತು. ಎನ್. ನರಸಿಂಹಯ್ಯನವರು ಕಲಿತದ್ದು ನಾಕನೇ ಇಯತ್ತೆ, ನನಗಿಂತ ಮೂರು ಕಡಿಮಿ. ಪತ್ತೇದಾರ ಪುರುಷೋತ್ತಮನ್ನ ಹುಟ್ಟಿಸಿ ನೂರಾರು ಕಾದಂಬರಿ ಬರದರು. ಅದನ್ನ ಓದಾಕಂತನ ಎಷ್ಟೋ ಮಂದಿ ಕನ್ನಡ ಅಕ್ಷರ ಕೂಡಿಸಿದ್ರು. ನಮ್ಮ ಜತ್ತ ಭಾಗದಾಗ ಮರಾಠಿ ಸಾಲಿಗೆ ಹೋಗುವ ಹುಡುಗರು ಕನ್ನಡದ ಬೋರ್ಡು ಓದಾಕೂ ತಡವರಸ್ತಾರ. ಅವರ ಕೈಗೆ ಮೊದಲ ದಿನಾನೇ ದಪ್ಪ ವಚನ ಸಂಪುಟ ಕೊಟ್ರ ಎರಡನೇ ದಿನ ಬರ್ತಾರೇನು?

ಕಪಾಟಿನ ಕೆಳಗಿನ ಖಾನೆ ಈ ಪುಸ್ತಕಕ್ಕ ಬಿಡ್ರಿ, ಹುಡುಗರ ಕೈಗೆ ಸಿಗುವಂಗ. ಇಂಗ್ಲಿಷ್ ಬಲ್ಲ ಗುರುಗಳು ಆ ಜ್ಯಾಕ್‌ನ ಕತಿ ವಾರಕ್ಕೊಂದು ಅಧ್ಯಾಯ ಕನ್ನಡದಾಗ ಹೇಳ್ರಿ. ಎಲ್ಲರಿಗಿಂತ ಮೊದಲ ನಾನೇ ಬಂದು ಚಾಪಿ ಹಾಸ್ತೀನಿ.