ಅಂಕ ಭರ್ತಿಯಾಯಿತು, ಕೇಸು ಕೇಳುವವರು ಯಾರು?

2021ರ ಜನವರಿ. ಆಘಾತಕ್ಕೆ ಒಳಗಾದ ಮಕ್ಕಳ ಜೊತೆ ಹೇಗೆ ಮಾತನಾಡಬೇಕು ಎಂಬ ವಿಷಯದ ಮೇಲೆ ಎರಡು ಗಂಟೆಯ ವೆಬಿನಾರ್. ನಾನು ಕ್ಯಾಮೆರಾ, ಮೈಕು ಎರಡನ್ನೂ ಮುಚ್ಚಿ, ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ, ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಮಾತನಾಡುತ್ತಿದ್ದವರು ವಿಷಯ ಬಲ್ಲವರೇ, ಅವರನ್ನು ದೂರುವ ಹಾಗಿಲ್ಲ. ಕೊನೆಗೆ ಐದು ಪ್ರಶ್ನೆಗಳ ಫಾರಂ ಬಂತು. ಸಂಜೆಯ ಹೊತ್ತಿಗೆ ನನ್ನ ಹೆಸರಿನ ಕಾಗುಣಿತ ತಪ್ಪಿದ ಸರ್ಟಿಫಿಕೇಟೂ ಬಂತು. ಅಂದಿನ ಹಿದುಕಿದವರೆ ಸಾರು ಇನ್ನೂ ನೆನಪಿದೆ. ವೆಬಿನಾರಿನ ಒಂದು ಮಾತೂ ನೆನಪಿಲ್ಲ.

ಆಸ್ಪತ್ರೆಯಲ್ಲಿ ಸಮಾಜಕಾರ್ಯಕರ್ತೆಯಾಗಿ ವರ್ಷಗಟ್ಟಲೆ ದುಡಿದವಳ ಈ ತಪ್ಪೊಪ್ಪಿಗೆಯನ್ನು ಈಗ ಬರೆಯಲು ಕಾರಣವಿದೆ. 2021ರಲ್ಲಿ ಬಂದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗ ಕಾಯ್ದೆ ನಮ್ಮನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಎಚ್‌ಐವಿ ಆಪ್ತಸಮಾಲೋಚಕರು, ಕುಟುಂಬ ಯೋಜನೆಯ ಸಮಾಲೋಚಕರು, ಕ್ಲಿನಿಕಲ್ ಸೈಕಾಲಜಿಸ್ಟರನ್ನು ಬಿಟ್ಟು ಉಳಿದ ಮನಶ್ಶಾಸ್ತ್ರಜ್ಞರು ಎಲ್ಲರೂ ಅದರಲ್ಲಿದ್ದಾರೆ. ನೋಂದಣಿ, ನಡತೆಯ ಸಂಹಿತೆ, ಶಿಕ್ಷಣದ ಮಟ್ಟ ಇವುಗಳ ಸಾಲಿನಲ್ಲಿ 'ನಿರಂತರ ವೃತ್ತಿ ಶಿಕ್ಷಣ' ಎಂಬ ಮೂರು ಪದವೂ ಇದೆ. ಆ ಪದಗಳೊಳಗೆ ಏನು ತುಂಬಬೇಕು ಎಂಬುದರ ಮೇಲೆ ಈಗ ನಮ್ಮ ವೃತ್ತಿಯವರಲ್ಲಿ ಎರಡು ಬಣ. ಗಂಟೆ ಎಣಿಸಿ, ಅಂಕ ಕೊಡಿ, ಅಂಕ ಇಲ್ಲದವರ ನೋಂದಣಿ ತಡೆಯಿರಿ ಎನ್ನುತ್ತದೆ ಒಂದು. ಹದಿನೈದು ವರ್ಷದ ಅನುಭವವೇ ನಮ್ಮ ಸರ್ಟಿಫಿಕೇಟು, ತಿಂಗಳ ಗೌರವಧನದಲ್ಲಿ ಬದುಕುವವರ ಮೇಲೆ ಇನ್ನೊಂದು ಹೊರೆ ಬೇಡ ಎನ್ನುತ್ತದೆ ಇನ್ನೊಂದು. ನನ್ನ ಲೆಕ್ಕದಲ್ಲಿ ಇಬ್ಬರೂ ತಪ್ಪು.

ಅಂಕದವರನ್ನೇ ಮೊದಲು ನೋಡೋಣ. ಅವರ ಮಾದರಿ ಹೊಸದೇನಲ್ಲ. ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣ ಪಡೆಯಬೇಕೆಂದು 2002ರ ವೃತ್ತಿ ನಡತೆಯ ನಿಯಮಗಳೇ ಹೇಳಿದ್ದವು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟರು ನವೀಕರಣಕ್ಕೆ ಐದು ವರ್ಷದಲ್ಲಿ 100 ಅಂಕ ಕೂಡಿಸಬೇಕು. ಕೂಡಿಸುತ್ತಾರೆ ಕೂಡ. ಮಾರ್ಚ್ ತಿಂಗಳಲ್ಲಿ ಬಜೆಟ್ ಖರ್ಚು ಮಾಡುವ ಇಲಾಖೆಯ ಹಾಗೆ, ಅವಧಿ ಮುಗಿಯುವ ವರ್ಷದಲ್ಲಿ ಓಡಾಡಿ ಕೂಡಿಸುವವರನ್ನು ನಾನು ಬಲ್ಲೆ. ಕೋವಿಡ್ ಕಾಲದಲ್ಲಿ ಈ ಅಂಕಗಳು ಮನೆ ಬಾಗಿಲಿಗೆ, ಅಡುಗೆಮನೆಗೇ ಬಂದವು. ವಿಪರ್ಯಾಸ ನೋಡಿ, ಮನಶ್ಶಾಸ್ತ್ರದ ಪದವಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡಕೂಡದೆಂದು 2025ರಲ್ಲಿ ಯುಜಿಸಿ ಕಟ್ಟಪ್ಪಣೆ ಮಾಡಿತು. ಕಲಿಯುವಾಗ ಕಂಪ್ಯೂಟರ್ ಮುಂದೆ ಕೂತರೆ ಸಾಲದು, ಕಲಿತಾದ ಮೇಲೆ ಕೂತರೆ ಸಾಕು ಎನ್ನುವುದು ಯಾವ ನ್ಯಾಯ?

ಒಂದೆರಡು ದಿನದ ಕಾರ್ಯಾಗಾರದಿಂದ ಏನು ಉಳಿಯುತ್ತದೆ ಎನ್ನುವುದಕ್ಕೆ ಉತ್ತರ ಸಿಕ್ಕಿ ಇಪ್ಪತ್ತು ವರ್ಷವಾಯಿತು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು ವ್ಯಸನ ಚಿಕಿತ್ಸೆ ಮಾಡುವ 140 ವೃತ್ತಿಪರರಿಗೆ ಪ್ರೇರಣಾತ್ಮಕ ಸಂದರ್ಶನದ ಕೌಶಲ ಕಲಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಕಾರ್ಯಾಗಾರ ಮಾತ್ರ. ಕೆಲವರಿಗೆ ಅದರ ಜೊತೆ, ಅವರದೇ ಸೆಷನ್ನಿನ ಟೇಪು ಕೇಳಿ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹೇಳುವವರು, ಕೆಲವರಿಗೆ ಫೋನಿನಲ್ಲಿ ತಿದ್ದುವವರು, ಇನ್ನು ಕೆಲವರಿಗೆ ಇಬ್ಬರೂ ಇದ್ದರು. ಬರೀ ಕಾರ್ಯಾಗಾರಕ್ಕೆ ಹೋದವರು ಕಲಿತದ್ದು ನಾಲ್ಕು ತಿಂಗಳೊಳಗೆ ಸೋರತೊಡಗಿತ್ತು. ಎದುರು ಕೂತ ರೋಗಿಯ ಮಾತಿನಲ್ಲೇ ವ್ಯತ್ಯಾಸ ಕಂಡದ್ದು ಟೇಪು ಕೇಳುವವರು, ತಿದ್ದುವವರು ಇಬ್ಬರೂ ಸಿಕ್ಕ ಗುಂಪಿನಲ್ಲಿ ಮಾತ್ರ.

ಧಾರವಾಡದ ಕಡೆಯ ಯಾವ ಗಾಯಕರನ್ನು ಕೇಳಿದರೂ ಇದನ್ನು ಅಧ್ಯಯನವಿಲ್ಲದೆ ಹೇಳುತ್ತಿದ್ದರು. ನೂರು ಕಛೇರಿ ಕೇಳಿದವನು ರಸಿಕನಾದಾನು. ಹಾಡುಗಾರನಾಗಬೇಕಾದರೆ ಅವನು ಹಾಡುವುದನ್ನು ಕೂತು ಕೇಳುವ, 'ಅಲ್ಲಿ ಗಾಂಧಾರ ಜಾರಿತು' ಎನ್ನುವ ಒಂದು ಕಿವಿ ಬೇಕು.

ಇನ್ನು ಅನುಭವದವರು. 'ಎಷ್ಟು ಸಾವಿರ ಕೇಸು ನೋಡಿಲ್ಲ ಮೇಡಂ' ಎನ್ನುವ ಮಾತನ್ನು ನಾನೂ ಆಡಿದ್ದೇನೆ. 2016ರಲ್ಲಿ ಸೈಮನ್ ಗೋಲ್ಡ್‌ಬರ್ಗ್ ಮತ್ತಿತರರು 170 ಚಿಕಿತ್ಸಕರ, 6,591 ರೋಗಿಗಳ ವರ್ಷಗಟ್ಟಲೆಯ ದಾಖಲೆ ತೆಗೆದು ನೋಡಿದರು. ವರ್ಷ ಕಳೆದ ಹಾಗೆ ಚಿಕಿತ್ಸಕರ ಫಲಿತಾಂಶ ಸುಧಾರಿಸಿರಲಿಲ್ಲ, ಸರಾಸರಿಯಲ್ಲಿ ಕೂದಲೆಳೆಯಷ್ಟು ಕುಸಿದಿತ್ತು. ಓದಿದಾಗ ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ನನ್ನ ತಪ್ಪು ನನಗೆ ಯಾರಾದರೂ ಹೇಳಿದ್ದರಲ್ಲವೇ ಅನುಭವ ಅನುಭವವಾಗುವುದು? ಒಪಿಡಿಯ ಪಕ್ಕದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ನಾನು ಏನು ಹೇಳಿದೆನೋ ದೇವರಿಗೇ ಗೊತ್ತು. ಅತ್ತುಕೊಂಡು ಬಂದವಳು ಮತ್ತೆ ಬರಲಿಲ್ಲವೆಂದರೆ ಗುಣವಾಗಿದೆ ಎಂದುಕೊಂಡೆ. ಬೇಸತ್ತು ಹೋಗಿರಬಹುದು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಕಾಲವೂ ನಮ್ಮನ್ನು ಕಾದು ಕೂರುವುದಿಲ್ಲ. ನಾವು ಎಂಎಸ್‌ಡಬ್ಲ್ಯೂ ಓದುವಾಗ ಗೋಪ್ಯತೆ ಎಂದರೆ ವೇದವಾಕ್ಯ. 2012ರಲ್ಲಿ ಪೋಕ್ಸೊ ಬಂತು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಎಂದು ಅದರ 19 ಮತ್ತು 21ನೇ ಕಲಮುಗಳು ಹೇಳಿದವು. ಆಪ್ತಸಮಾಲೋಚಕಿಗೆ ವಿನಾಯಿತಿ ಇಲ್ಲ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ, ಎರಡು ತಿಂಗಳ ಬಸಿರು. 'ಅಕ್ಕಾ, ಯಾರಿಗೂ ಹೇಳಬ್ಯಾಡ್ರಿ' ಎಂದು ಕೈ ಹಿಡಿಯುತ್ತಾಳೆ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಗರ್ಭಪಾತ ಮಾಡುವ ವೈದ್ಯರು ಹುಡುಗಿ ಮತ್ತು ಪೋಷಕರು ಕೋರಿದರೆ ಅವಳ ಗುರುತನ್ನು ಪೊಲೀಸರಿಗೆ ಕೊಡಬೇಕಿಲ್ಲ ಎಂದಿತು. ವೈದ್ಯರಿಗೆ ಸಿಕ್ಕ ಆ ಕಿಂಡಿ ಪಕ್ಕದ ಕೋಣೆಯ ಸಮಾಲೋಚಕಿಗೆ ಇದೆಯೇ? ತಾಯಿಗೆ ಹೇಳುವುದು ಯಾವಾಗ, ಹುಡುಗಿಗೆ ಮೊದಲೇ ಏನು ಎಚ್ಚರಿಕೆ ಕೊಡಬೇಕಿತ್ತು, ಕೇಸು ಪುಸ್ತಕದಲ್ಲಿ ಏನು ಬರೆಯಬೇಕು? ಸ್ಲೈಡಿನಲ್ಲಿ ಕಲಮಿನ ಸಂಖ್ಯೆ ಸಿಗುತ್ತದೆ. ಆ ಮಧ್ಯಾಹ್ನ ಏನು ಮಾಡಬೇಕೆಂಬುದು ಇನ್ನೊಬ್ಬ ಹಿರಿಯರ ಎದುರು ಕೂತು ಬಿಚ್ಚಿ ಮಾತನಾಡಿದರೆ ಮಾತ್ರ ಸಿಗುತ್ತದೆ.

ಕಲಿಯುವುದೆಂದರೆ ಹೀಗೆ ಎಂದು ತೋರಿಸಿದವರು ನಮ್ಮ ವೃತ್ತಿಯವರಲ್ಲ, ಒಬ್ಬ ನ್ಯಾಯಾಧೀಶರು. ಮನೆಯವರ ವಿರೋಧಕ್ಕೆ ಹೆದರಿ ಓಡಿಬಂದ ಇಬ್ಬರು ಯುವತಿಯರ ಪ್ರಕರಣ 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಸಲಿಂಗ ಸಂಬಂಧದ ಬಗ್ಗೆ ತಮಗೇ ಪೂರ್ವಗ್ರಹಗಳಿವೆ ಎಂದು ಒಪ್ಪಿಕೊಂಡ ಅವರು, ತೀರ್ಪು ಬರೆಯುವ ಮೊದಲು ಒಬ್ಬ ಮನಶ್ಶಾಸ್ತ್ರಜ್ಞೆಯ ಎದುರು ಕೂತು ಪಾಠ ಹೇಳಿಸಿಕೊಂಡರು. ಜೂನ್ 7ರ ಆದೇಶದಲ್ಲಿ, ಇಂಥವರನ್ನು 'ಸರಿಪಡಿಸುವ' ಚಿಕಿತ್ಸೆಗೆ ತಡೆ ಹಾಕಿದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಆದರೆ ಅದು ಅನ್ವಯಿಸುವುದು ವೈದ್ಯರಿಗೆ. 'ಮದುವೆ ಮಾಡಿಸಿ, ಎಲ್ಲ ಸರಿಹೋಗುತ್ತೆ' ಎಂದು ಇವತ್ತಿಗೂ ಸಲಹೆ ಕೊಡುವ ಸಮಾಲೋಚಕರ ಮೇಲೆ ದೂರು ಕೊಡಲು ಹೋದರೆ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು? ಅದಕ್ಕಾಗಿಯೇ ನಾನು ನೋಂದಣಿಯ ಪರ. ಫ್ಲೆಕ್ಸಿನಲ್ಲಿ ಬಿಳಿ ಅಂಗಿ ತೊಟ್ಟು ಕೈಮುಗಿದು ನಿಂತವರೆಲ್ಲ 'ಸಮಾಜ ಸೇವಕರು' ಆಗಿರುವ ಈ ರಾಜ್ಯದಲ್ಲಿ, ಎರಡು ವರ್ಷ ಓದಿ ಫೀಲ್ಡ್ ವರ್ಕ್ ಮಾಡಿ ಬಂದ ಸಮಾಜಕಾರ್ಯಕರ್ತರು ಯಾರೆಂದು ಜನಕ್ಕೆ ಗೊತ್ತಾಗಲಿ.

ನನ್ನ ತಕರಾರು ನೋಂದಣಿಯ ಬೆನ್ನಿಗೆ ಬರುವ ಅಂಕದ ಅಂಗಡಿಯ ಮೇಲೆ. ತಾಲ್ಲೂಕಿನ ಸಾಂತ್ವನ ಕೇಂದ್ರದ ಸಮಾಲೋಚಕಿಯನ್ನೇ ನೆನೆಸಿಕೊಳ್ಳಿ. ಗುತ್ತಿಗೆ ಕೆಲಸ. ಬೆಂಗಳೂರಿನ ಕಾರ್ಯಾಗಾರಕ್ಕೆ ಹೋದರೆ ಶುಲ್ಕ, ಬಸ್ಸು, ಉಳಿಯುವ ಖರ್ಚು ಅವಳದು. ಹೋದ ದಿನದ ರಜೆಯೂ ಅವಳದೇ. ನಗರದಲ್ಲಿ ಗಂಟೆಗಿಷ್ಟು ಎಂದು ಫೀಸು ತೆಗೆದುಕೊಳ್ಳುವ ಚಿಕಿತ್ಸಕರಿಗೆ ಅಂಕ ಕೊಳ್ಳುವುದು ಕಷ್ಟವಲ್ಲ. ಹೊಡೆತ ತಿಂದು ಬಂದ ಹೆಂಗಸನ್ನು ರಾತ್ರಿ ಠಾಣೆಗೆ ಕರೆದೊಯ್ಯುವವಳಿಗೆ ಕಷ್ಟ. ಅಂಕವಿಲ್ಲ ಎಂದು ಹೆಸರು ಹೊಡೆದುಹಾಕಿದರೆ ಹೋಗುವುದು ಅವಳ ಹೆಸರೇ.

ಅವಳು ಹೋದಳೆಂದೇ ಇಟ್ಟುಕೊಳ್ಳೋಣ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ. 'ನಿಮ್ಮ ಮನಸ್ಸಿಗೆ ತಕ್ಷಣ ಬರುವ ಯೋಚನೆಯನ್ನು ಈ ಕಾಲಮಿನಲ್ಲಿ ಬರೆಯಿರಿ' ಎಂಬ ಹಾಳೆ ಕೊಡುತ್ತಾರೆ. ಅವಳ ಮುಂದೆ ಬಂದು ಕೂರುವ ಹೆಂಗಸು 'ಯೋಚನೆ' ಎಂಬ ಮಾತನ್ನೇ ಎತ್ತುವುದಿಲ್ಲ. 'ಜೀವ ಬ್ಯಾಸರಾಗೇತ್ರಿ' ಎನ್ನುತ್ತಾಳೆ. 'ಎದಿ ಡವಡವ ಅಂತದ, ಮೈಯೆಲ್ಲಾ ಉರಿ' ಎನ್ನುತ್ತಾಳೆ. ಮೈಸೂರು ಕಡೆಯವಳಾದರೆ 'ಯಾಕೋ ಒಂಥರಾ ಆಯ್ತದೆ ಕಣವ್ವ' ಎಂದು ಸುಮ್ಮನಾಗುತ್ತಾಳೆ. ಈ 'ಒಂಥರಾ'ದೊಳಗೆ ಇರುವುದು ಖಿನ್ನತೆಯೋ, ರಕ್ತಹೀನತೆಯೋ, ಗಂಡನ ಕುಡಿತವೋ, ಸಾಲದ ಸಂಘದ ಕಂತೋ? 'ಜೀವ ಬ್ಯಾಸರ' ಎಂದರೆ ಬೇಜಾರೋ, ಸಾಯಬೇಕೆಂಬ ಇಚ್ಛೆಯೋ? ಯಾವ ಧ್ವನಿಯಲ್ಲಿ ಹೇಳಿದಳು ಎನ್ನುವುದರ ಮೇಲೆ ನಿಂತಿದೆ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಎಂಬತ್ತರ ದಶಕದಲ್ಲಿ ಮಾಡಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು ಎಂದು ಹೆಮ್ಮೆಪಡುತ್ತೇವೆ. ಅದೇ ಬಳ್ಳಾರಿಯ ಹೆಂಗಸಿನ ಮಾತನ್ನು ಬಿಡಿಸುವ ಕಲೆಗೆ ಎಷ್ಟು ಅಂಕ?

ಹಾಗಾದರೆ ಬೇಕಾದದ್ದೇನು? ಉತ್ತರ ನಮ್ಮ ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಯಾರು ಎನ್ನುವಾಗ, ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಎಂಫಿಲ್ ಆಗಿರಬೇಕು, ಅದರಲ್ಲಿ ಹಿರಿಯರ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಇರಬೇಕು ಎನ್ನುತ್ತದೆ. (ಎಂಫಿಲ್ ಪದವಿಯನ್ನೇ ಯುಜಿಸಿ ರದ್ದು ಮಾಡಿ, ಕಾಯ್ದೆಯ ಈ ವ್ಯಾಖ್ಯೆ ನೆನಪಾದ ಮೇಲೋ ಏನೋ, ಈ ವಿಷಯಕ್ಕೂ ಕ್ಲಿನಿಕಲ್ ಸೈಕಾಲಜಿಗೂ ಮಾತ್ರ 2025-26ರವರೆಗೆ ಗಡುವು ಮುಂದೂಡಿದ್ದು ಬೇರೆಯೇ ಕಥೆ.) ಅಂದರೆ, ಕೇಸು ಕೇಳಿ ತಿದ್ದುವ ಹಿರಿಯರಿಲ್ಲದೆ ಈ ವಿದ್ಯೆ ಬರುವುದಿಲ್ಲ ಎಂದು ಕಾನೂನಿಗೆ ಗೊತ್ತು. ಪದವಿ ಕೈಗೆ ಬಂದ ಮರುದಿನದಿಂದ ಮೂವತ್ತು ವರ್ಷ ಅಂಥವರು ಬೇಡ ಎಂದು ಅದಕ್ಕೆ ಹೇಗೆ ಅನ್ನಿಸಿತು?

ಇಂಗ್ಲೆಂಡಿನಲ್ಲಿ 2019ರಿಂದ ಸಮಾಜಕಾರ್ಯಕರ್ತರ ನೋಂದಣಿ ನೋಡುವ ಸೋಷಿಯಲ್ ವರ್ಕ್ ಇಂಗ್ಲೆಂಡ್ ಗಂಟೆ ಎಣಿಸುವುದಿಲ್ಲ. ವರ್ಷಕ್ಕೆ ಕನಿಷ್ಠ ಎರಡು ಬರಹ ಕೇಳುತ್ತದೆ: ಏನು ಕಲಿತೆ, ಅದರಿಂದ ಕೆಲಸದಲ್ಲಿ ಏನು ಬದಲಾಯಿತು. ಅವುಗಳಲ್ಲಿ ಒಂದನ್ನಾದರೂ ಸಹೋದ್ಯೋಗಿಯೊಬ್ಬರ ಜೊತೆ ಚರ್ಚಿಸಿರಬೇಕು. ಅದೂ ಕಾಟಾಚಾರವಾಗಬಹುದು, ಕಾಪಿ ಹೊಡೆಯಬಹುದು. ಆದರೆ ಅದು ಕೇಳುವ ಪ್ರಶ್ನೆ ಸರಿಯಾದದ್ದು.

ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡ ಬೇಡ. ನಿಮ್ಹಾನ್ಸ್ ಇದೆ, ಅದರ ಡಿಜಿಟಲ್ ಅಕಾಡೆಮಿ 2018ರಿಂದ ನಡೆಯುತ್ತಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಮಂಗಳೂರಿನ ರೋಶನಿ ನಿಲಯದಂಥ ಹಳೆಯ ಸಮಾಜಕಾರ್ಯ ಶಾಲೆಗಳಿವೆ. ನಿವೃತ್ತರಾಗಿ ಮನೆಯಲ್ಲಿ ಕೂತ ನನ್ನಂಥವರಂತೂ ಪ್ರತಿ ಜಿಲ್ಲೆಯಲ್ಲೂ ಇದ್ದೇವೆ. ತಿಂಗಳಿಗೆ ಎರಡು ಅರ್ಧ ದಿನ, ಐದಾರು ಸಮಾಲೋಚಕರು, ಒಬ್ಬ ಹಿರಿಯರು, ಹೆಸರು ಮರೆಮಾಚಿದ ಎರಡು ಕೇಸು, ಕನ್ನಡದಲ್ಲಿ. ಮೇಷ್ಟ್ರುಗಳು ತರಬೇತಿಗೆ ಹೋದರೆ ಓಓಡಿ (ಅನ್ಯಕಾರ್ಯ ನಿಮಿತ್ತ ಹಾಜರಿ) ಸಿಗುತ್ತದಲ್ಲ, ಹಾಗೆ ಇವರಿಗೂ ಓಓಡಿ, ಬಸ್ ಚಾರ್ಜು. ಗುತ್ತಿಗೆ ಕೊಟ್ಟ ಸಂಸ್ಥೆಯಾಗಲಿ ಇಲಾಖೆಯಾಗಲಿ ಅದನ್ನು ಕೊಡದಿದ್ದರೆ ಕೇಳಬೇಕಾದದ್ದು ಅವರನ್ನು, ಸಮಾಲೋಚಕಿಯನ್ನಲ್ಲ.

'ಏನೂ ಇಲ್ಲದಿರುವುದಕ್ಕಿಂತ ಅಂಕವಾದರೂ ಇರಲಿ' ಎನ್ನುವ ಗೆಳೆಯರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಏನೂ ಇಲ್ಲದಾಗ ಕೊರತೆ ಕಣ್ಣಿಗೆ ಕಾಣುತ್ತದೆ. ಫೈಲು ತುಂಬ ಸರ್ಟಿಫಿಕೇಟು ಇದ್ದಾಗ ಕಾಣುವುದಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಫೈಲು ನೋಡಿ ಸಹಿ ಹಾಕಿ, ಚಹಾ ಕುಡಿದು ಹೋಗುತ್ತಾರೆ.

ನಾಲ್ಕು ವರ್ಷದ ಹಿಂದೆ ನಾವು ಆರು ಜನ ತಿಂಗಳಿಗೊಮ್ಮೆ ಒಬ್ಬರ ಮನೆಯ ಜಗುಲಿಯಲ್ಲಿ ಸೇರಲು ಶುರುಮಾಡಿದೆವು. ಮೊದಲೆರಡು ಸಲ ಎಲ್ಲರೂ ತಾವು ಗೆದ್ದ ಕೇಸುಗಳನ್ನೇ ಹೇಳಿಕೊಂಡೆವು. ಮೂರನೆಯ ಸಲ, ನಮ್ಮಲ್ಲೇ ಚಿಕ್ಕವಳು ಚೀಲದಿಂದ ನೋಟ್‌ಬುಕ್ ತೆಗೆದು, 'ಇವರಿಗೆ ನಾನು ಗಂಡನ ಜೊತೆ ಹೊಂದಿಕೊಂಡು ಹೋಗಿ ಅಂದಿದ್ದೆ. ಈಗ ಅವರು ಆಸ್ಪತ್ರೆಲಿದಾರೆ' ಎಂದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಹಿರಿಯರಾದ ಒಬ್ಬರು, 'ಅವರು ಅವತ್ತು ನಿಂಗೆ ಹೇಳಿದ್ದನ್ನ ಮೊದಲಿಂದ ಹೇಳಮ್ಮ' ಎಂದರು. ಆ ದಿನ ಯಾರಿಗೂ ಸರ್ಟಿಫಿಕೇಟು ಸಿಗಲಿಲ್ಲ, ಮನೆಗೆ ಹೊರಟಾಗ ರಾತ್ರಿ ಎಂಟೂವರೆಯಾಗಿತ್ತು.