ಎರಡೂವರೆ ವರ್ಷ ತಡವಾಗಿ ಬಂದ ಬಿಡುಗಡೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಹತ್ತು ಎಕರೆಯ ಒಂದು ಉದ್ಯಾನವಿದೆ. ಹೆಸರು ಇಮ್ಯಾನ್ಸಿಪೇಷನ್ ಪಾರ್ಕ್, ಅಂದರೆ ವಿಮೋಚನಾ ಉದ್ಯಾನ. ಜೂನ್ 19 ಹತ್ತಿರವಾದಂತೆ ಅಲ್ಲಿ ಜಾತ್ರೆಯೇ ನೆರೆಯುತ್ತದೆ. ಹಾಡು, ಕುಣಿತ, ಭಾಷಣ, ಕೆಂಡದ ಮೇಲೆ ಬೇಯುವ ಮಾಂಸ, ಮಕ್ಕಳ ಗದ್ದಲ. ಹಬ್ಬದ ಹೆಸರು ಜೂನ್‌ಟೀನ್ತ್. 'ಜೂನ್' ಮತ್ತು 'ನೈಂಟೀನ್ತ್' ಪದಗಳನ್ನು ಕೂಡಿಸಿ ಕಪ್ಪು ಜನ ತಾವೇ ಕಟ್ಟಿಕೊಂಡ ಹೆಸರಿದು. ನಮ್ಮ ಲೋಪಸಂಧಿಯ ಹಾಗೆ ನಡುವಿನ ಅಕ್ಷರಗಳು ಬಿದ್ದುಹೋಗಿವೆ.

ಬಂಡೆದ್ದ ದಕ್ಷಿಣದ ರಾಜ್ಯಗಳಲ್ಲಿರುವ ಗುಲಾಮರೆಲ್ಲ ಸ್ವತಂತ್ರರು ಎಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಸಾರಿದ್ದು 1863ರ ಜನವರಿ 1ರಂದು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಟೆಕ್ಸಾಸ್‌ನ ಸುಮಾರು ಎರಡೂವರೆ ಲಕ್ಷ ಗುಲಾಮರ ಪಾಲಿಗೆ ಅಂದು ಏನೂ ಬದಲಾಗಲಿಲ್ಲ. 1865ರ ಜೂನ್ 19ರಂದು ಗಾಲ್ವೆಸ್ಟನ್ ಬಂದರಿನಲ್ಲಿ ಜನರಲ್ ಗಾರ್ಡನ್ ಗ್ರೇಂಜರ್ ಸೇನೆಯ ಆಜ್ಞೆಯನ್ನು ಹೊರಡಿಸಿದಾಗಲೇ ಅವರ ಬಿಡುಗಡೆ ಜಾರಿಗೆ ಬಂದದ್ದು.

ಸುದ್ದಿ ಮುಟ್ಟಲು ಎರಡೂವರೆ ವರ್ಷ ಬೇಕಾಯಿತೇ? ಹಾಗೆಂದು ಹೇಳುವವರಿದ್ದಾರೆ. ಇದು ಒಪ್ಪುವ ಮಾತಲ್ಲ. ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಕಳಿಸಿ ಆಗಲೇ ಇಪ್ಪತ್ತು ವರ್ಷ ಕಳೆದಿತ್ತು. ಸುದ್ದಿ ತೋಟದ ಒಡೆಯರಿಗೆ ತಿಳಿದೇ ಇತ್ತು. ಆದರೆ ಘೋಷಣೆಯನ್ನು ಜಾರಿಗೊಳಿಸುವ ಸೈನ್ಯ ಅಲ್ಲಿರಲಿಲ್ಲ. ಅಷ್ಟೇ ಅಲ್ಲ, ಯುದ್ಧ ಸಮೀಪಿಸಿದಾಗ ಬೇರೆ ರಾಜ್ಯಗಳ ಒಡೆಯರು ತಮ್ಮ ಗುಲಾಮರನ್ನು ಟೆಕ್ಸಾಸ್‌ಗೇ ಅಟ್ಟಿಕೊಂಡು ಬಂದರು, ಲಿಂಕನ್ನನ ಸೈನ್ಯದ ಕೈಗೆ ಸಿಗದಿರಲೆಂದು. ಕೊರತೆ ಇದ್ದದ್ದು ತಂತಿಯದಲ್ಲ, ಮನಸ್ಸಿನದು.

ಗ್ರೇಂಜರ್‌ನ ಆಜ್ಞೆಯೂ ಪೂರಾ ಸಿಹಿಯಾಗಿರಲಿಲ್ಲ. ಒಡೆಯ ಮತ್ತು ಗುಲಾಮ ಇನ್ನು ಮುಂದೆ ಸರಿಸಮಾನರು ಎಂದ ಅದೇ ಕಾಗದ, ಇದ್ದಲ್ಲೇ ಇದ್ದು ಕೂಲಿಗೆ ದುಡಿಯಿರಿ, ಸೇನಾ ಠಾಣೆಗಳ ಬಳಿ ಗುಂಪುಗೂಡಬೇಡಿ ಎಂದೂ ಹೇಳಿತ್ತು. ಅನೇಕರು ಇದ್ದಲ್ಲೇ ಇರಲಿಲ್ಲ. ಗುಲಾಮಗಿರಿಯಲ್ಲಿ ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಮಾರುವುದು ಮಾಮೂಲಾಗಿತ್ತು. ಕಳೆದುಹೋದ ತಮ್ಮವರನ್ನು ಹುಡುಕಿಕೊಂಡು ಜನ ಊರಿಂದೂರಿಗೆ ನಡೆದರು. ನ್ಯೂ ಆರ್ಲಿಯನ್ಸ್‌ನ ಒಂದು ಚರ್ಚ್ ಪತ್ರಿಕೆಯಲ್ಲಿ 1879ರಿಂದ 'ಕಳೆದುಹೋದ ಬಂಧುಗಳು' ಎಂಬ ಅಂಕಣವೇ ಇತ್ತು. ತಾಯಿಯ ಹೆಸರು, ಒಡೆಯನ ಹೆಸರು, ಮಾರಾಟವಾದ ಊರು ಎಂದು ಬರೆದು ಕಳಿಸಿದರೆ, ಪಾದ್ರಿಗಳು ಅದನ್ನು ಚರ್ಚುಗಳಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಬಿಡುಗಡೆಯಾಗಿ ಹದಿನಾಲ್ಕು ವರ್ಷದ ಮೇಲೂ ಅಮ್ಮನನ್ನು ಹುಡುಕುವ ಮಕ್ಕಳಿದ್ದರು!

ಮೊದಲ ಹಬ್ಬ ನಡೆದದ್ದು 1866ರಲ್ಲಿ. ಘೋಷಣೆಯನ್ನು ಎಲ್ಲರೆದುರು ಓದುವುದು, ಪ್ರಾರ್ಥನೆ, ಗುಲಾಮರಾಗಿದ್ದ ಹಿರಿಯರನ್ನು ಮುಂದೆ ಕೂರಿಸಿ ಅವರ ಮಾತು ಕೇಳುವುದು, ಆಮೇಲೆ ಊಟ. ಆದರೆ ಸೇರಲು ಜಾಗ ಬೇಕಲ್ಲ? ಬಿಳಿಯರ ಉದ್ಯಾನಗಳಿಗೆ ಪ್ರವೇಶವಿಲ್ಲ. 1872ರಲ್ಲಿ ಹ್ಯೂಸ್ಟನ್‌ನ ಎರಡು ಚರ್ಚುಗಳ ಜನ, ತಾವೇ ಗುಲಾಮರಾಗಿದ್ದ ಪಾದ್ರಿ ಜಾಕ್ ಯೇಟ್ಸ್ ಮತ್ತು ಸಂಗಡಿಗರ ಮುಂದಾಳ್ತನದಲ್ಲಿ, ಸಾವಿರ ಡಾಲರಿನ ಆಸುಪಾಸು ಚಂದಾ ಎತ್ತಿ ಹತ್ತು ಎಕರೆ ಕೊಂಡರು. ಏಳು ವರ್ಷದ ಹಿಂದೆ ಬರಿಗೈಯಲ್ಲಿ ಹೊರಬಿದ್ದವರು ಹಬ್ಬಕ್ಕೆಂದು ಕೊಂಡ ನೆಲವೇ ಇಂದಿನ ಆ ಉದ್ಯಾನ.

ಹಬ್ಬದ ಊಟದಲ್ಲಿ ಕೆಂಪು ಬಣ್ಣ ಎದ್ದು ಕಾಣುತ್ತದೆ: ಕಲ್ಲಂಗಡಿ, ಕೆಂಪು ಪಾನಕ. ಕಲ್ಲಂಗಡಿಯ ತವರು ಆಫ್ರಿಕಾ. ಕೆಂಪು ಪಾನಕದ ಬೇರನ್ನೂ ಪಶ್ಚಿಮ ಆಫ್ರಿಕಾದಲ್ಲಿ ಗುರುತಿಸುತ್ತಾರೆ. ಅಲ್ಲಿ ಅದನ್ನು ತಯಾರಿಸುವುದು ನಮ್ಮ ಪುಂಡಿಪಲ್ಯದ ಬಳಗದ ಒಂದು ಗಿಡದ ಕೆಂಪು ಪುಷ್ಪಪಾತ್ರೆಯಿಂದ. ಅದರ ಬಣ್ಣಕ್ಕೆ ಕಾರಣ ಆಂಥೋಸಯನಿನ್. ಕೆಂಪು ದಾಸವಾಳದ ಎಸಳಿನಲ್ಲೂ ಇದೇ ಇದೆ. ಎಸಳನ್ನು ಬಿಸಿನೀರಿನಲ್ಲಿ ನೆನೆಸಿ, ಒಂದು ಲೋಟಕ್ಕೆ ನಿಂಬೆರಸ, ಇನ್ನೊಂದಕ್ಕೆ ಅಡಿಗೆ ಸೋಡಾ ಹಾಕಿ ನೋಡಿದರೆ ಆಮ್ಲ-ಪ್ರತ್ಯಾಮ್ಲದ ಪಾಠ ಮನೆಯಲ್ಲೇ ಆಗುತ್ತದೆ.

ಟೆಕ್ಸಾಸ್‌ನಲ್ಲಿ ಈ ದಿನಕ್ಕೆ ಅಧಿಕೃತ ರಜೆ ಸಿಕ್ಕಿದ್ದು 1980ರಲ್ಲಿ. ದೇಶಕ್ಕೆಲ್ಲ ಹಬ್ಬಿಸಲು ಹಟ ಹಿಡಿದವರಲ್ಲಿ ಮುಖ್ಯರು ಓಪಲ್ ಲೀ ಎಂಬ ನಿವೃತ್ತ ಶಿಕ್ಷಕಿ. 1939ರಲ್ಲಿ, ಅದೂ ಜೂನ್ 19ರಂದೇ, ಫೋರ್ಟ್ ವರ್ತ್ ನಗರದ ಬಿಳಿಯರ ಬಡಾವಣೆಗೆ ಆಗಷ್ಟೇ ಬಂದಿದ್ದ ಅವರ ಕುಟುಂಬದ ಮನೆಯನ್ನು ಗುಂಪೊಂದು ಹಾಳುಗೆಡವಿ ಬೆಂಕಿ ಹಚ್ಚಿತು. ಆಗ ಅವರಿಗೆ ಹನ್ನೆರಡು ವರ್ಷ. 2016ರಲ್ಲಿ, 89ರ ವಯಸ್ಸಿನಲ್ಲಿ, ಅವರು ವಾಷಿಂಗ್ಟನ್ ಕಡೆಗೆ ಪಾದಯಾತ್ರೆ ಹೊರಟರು. ಒಂದೊಂದು ಊರಿನಲ್ಲೂ ಎರಡೂವರೆ ಮೈಲಿ, ಅಂದರೆ ನಾಲ್ಕು ಕಿಲೋಮೀಟರು ನಡಿಗೆ. ತಡವಾದ ಪ್ರತಿ ವರ್ಷಕ್ಕೆ ಒಂದು ಮೈಲಿಯ ಲೆಕ್ಕ. ಮೇಷ್ಟರ ಲೆಕ್ಕವೇ ಸರಿ. 2021ರ ಜೂನ್ 17ರಂದು ಅಧ್ಯಕ್ಷ ಬೈಡನ್ ರಾಷ್ಟ್ರೀಯ ರಜೆಯ ಕಾಯಿದೆಗೆ ಸಹಿ ಹಾಕಿದಾಗ ಆಕೆ ಪಕ್ಕದಲ್ಲಿದ್ದರು.

ಸುಟ್ಟ ಮನೆಯಿದ್ದ ಅದೇ ನಿವೇಶನದಲ್ಲಿ ಒಂದು ಸೇವಾ ಸಂಸ್ಥೆ ಅವರಿಗೆ ಮನೆ ಕಟ್ಟಿಸಿತು. 2024ರ ಜೂನ್‌ನಲ್ಲಿ ಬೀಗದ ಕೈ ಪಡೆದಾಗ ಓಪಲ್ ಲೀ ಅವರಿಗೆ 97 ವರ್ಷ.