ಲೆಕ್ಕ ಕೇಳಿದರೆ ತಪ್ಪೇನು?

ಅಂಗಡಿಯಿಂದ ಬಂದ ಜೀನಸಿನ ಚೀಟಿಯನ್ನು ಗೃಹಿಣಿ ಸಾಲುಸಾಲಾಗಿ ಓದುತ್ತಾಳೆ. ತೊಗರಿಬೇಳೆಯ ತೂಕ ಸರಿಯೇ, ಬೆಲ್ಲದ ದರ ಏರಿತೇ, ಕೂಡಿದ ಮೊತ್ತದಲ್ಲಿ ತಪ್ಪಿಲ್ಲವಷ್ಟೆ ಎಂದು ನೋಡಿದ ಮೇಲೆಯೇ ಹಣ ಪೆಟ್ಟಿಗೆಯಿಂದ ಹೊರಬರುವುದು. ಅದೇ ಮನೆಯ ಯಜಮಾನರು ಆಸ್ಪತ್ರೆ ಸೇರಿದರೆನ್ನಿ. ಮನೆಗೆ ಹೊರಡುವ ದಿನ ಮಗನ ಕೈಗೆ ಬರುವ ಕಾಗದದಲ್ಲಿ ಲಕ್ಷದ ಅಂಕಿ; ಅದಕ್ಕೆ ವಿವರಣೆ ನಾಲ್ಕೇ ಸಾಲು: ಕೋಣೆ, ಔಷಧ, ಪರೀಕ್ಷೆ, ‘ಇತರೆ’. ಆ ‘ಇತರೆ’ಯೊಂದೇ ಮೂರು ತಿಂಗಳ ದಿನಸಿಯನ್ನು ಮೀರಿರುತ್ತದೆ. ಆದರೂ ಯಾರೂ ಬಾಯಿ ತೆರೆಯುವುದಿಲ್ಲ. ಕೈಯ ಬಳೆ ಅಡವಿಗೆ ಹೋಗುತ್ತದೆ. ರಸೀದಿ ಜೇಬು ಸೇರುತ್ತದೆ.

ಈ ಮೌನಕ್ಕೆ ಕಾರಣ ಅಜ್ಞಾನವೊಂದೇ ಅಲ್ಲ. “ಅಪ್ಪನ ಜೀವ ಉಳಿಯಿತಲ್ಲ, ಅದರ ಮುಂದೆ ಕಾಸಿನ ಮಾತೇ?” ಎಂಬ ಸಂಕೋಚ ಒಂದು ಕಡೆ, ಕೇಳಿದರೆ ವೈದ್ಯರು ಮುನಿದಾರೆಂಬ ಅಳುಕು ಇನ್ನೊಂದು ಕಡೆ. ಆದರೆ ಲೆಕ್ಕ ಕೇಳಿದ ಮಾತ್ರಕ್ಕೆ ಮಗನ ಪ್ರೀತಿ ಕಡಿಮೆಯಾಗದು, ವೈದ್ಯರ ಉಪಕಾರಕ್ಕೂ ಕುಂದು ಬಾರದು. ಸಾಲದ ಕಂತು ತೀರಿಸಬೇಕಾದವರಿಗೆ ಆ ಸಾಲ ಯಾವುದಕ್ಕಾಗಿ ಎಂದು ತಿಳಿಯುವ ಅಧಿಕಾರವಾದರೂ ಬೇಡವೇ?

ಆ ಅಧಿಕಾರವನ್ನು ಕಾನೂನು ಒಪ್ಪಿದೆ. ಹಣ ಪಡೆದು ನೀಡುವ ಚಿಕಿತ್ಸೆಯು ಗ್ರಾಹಕ ರಕ್ಷಣಾ ಕಾನೂನಿಗೆ ಒಳಪಡುವುದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪಿತ್ತಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರದು. ರೋಗಿಗಳ ಹಕ್ಕುಪಟ್ಟಿ ಅದಕ್ಕೆ ಸೇರಿದ್ದು 2017ರ ತಿದ್ದುಪಡಿಯಿಂದ. ಆಸ್ಪತ್ರೆಯು ತನ್ನ ದರಗಳನ್ನು ಜನರಿಗೆ ತಿಳಿಯುವಂತೆ ಪ್ರಕಟಿಸಬೇಕೆಂಬುದು ಆ ಕಾನೂನಿನ ಆಶಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ಹಕ್ಕುಪತ್ರವಂತೂ ಬಾಬುವಾರು ಬಿಲ್ಲು ಪಡೆಯುವುದನ್ನೂ, ಔಷಧವನ್ನು ಇಷ್ಟವಾದ ಅಂಗಡಿಯಲ್ಲಿ ಕೊಳ್ಳುವುದನ್ನೂ ರೋಗಿಯ ಹಕ್ಕುಗಳೆಂದೇ ಎಣಿಸಿದೆ.

ಬಿಡಿಬಿಡಿಯಾದ ಲೆಕ್ಕದಿಂದ ಆಗುವ ಉಪಕಾರಕ್ಕೆ ಹೃದಯದ ರಕ್ತನಾಳಕ್ಕೆ ತೊಡಿಸುವ ಸ್ಟೆಂಟೇ ಸಾಕ್ಷಿ. 2017ರ ಫೆಬ್ರುವರಿಯಲ್ಲಿ ಸರ್ಕಾರ ಅದಕ್ಕೆ ಗರಿಷ್ಠ ಬೆಲೆ ಗೊತ್ತುಮಾಡಿತು: ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೆ 29,600. ಅದರೊಡನೆಯೇ, ಸ್ಟೆಂಟಿನ ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಿಸಬೇಕೆಂದೂ ವಿಧಿಸಿತು. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಮಿತಿ ಮೀರಿತೋ ಇಲ್ಲವೋ ಎಂದು ಕಂಡುಕೊಳ್ಳುವವರಾರು?

ಆದುದರಿಂದ ಎಚ್ಚರ ಬೇಕಾದುದು ಕಡೆಯ ದಿನದಲ್ಲಲ್ಲ, ಮೊದಲ ದಿನದಲ್ಲಿ. ತುರ್ತು ಇಲ್ಲದಾಗ, ಸೇರುವ ಮುನ್ನವೇ ಅಂದಾಜು ಖರ್ಚನ್ನು ಬರಹದಲ್ಲಿ ಕೇಳಬೇಕು. ಕೋಣೆ ಬದಲಾದರೆ ಬೇರಾವ ದರಗಳೂ ಏರುತ್ತವೆಯೇ ಎಂದು ವಿಚಾರಿಸಬೇಕು. ಮನೆಯವರೊಬ್ಬರು ಪುಟ್ಟ ಪುಸ್ತಕವೊಂದರಲ್ಲಿ ದಿನದಿನದ ಪರೀಕ್ಷೆ, ಔಷಧ, ವೈದ್ಯರ ಭೇಟಿಗಳನ್ನು ಗುರುತು ಹಾಕುತ್ತ ಬಂದರೆ, ಬಿಲ್ಲು ಕೈಸೇರಿದಾಗ ತಾಳೆ ನೋಡುವುದು ಸುಲಭ. ಔಷಧಕ್ಕೆ ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚು ಹಾಕುವಂತಿಲ್ಲ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ 2002ರ ವೃತ್ತಿನಿಯಮವೇ ಹೇಳುತ್ತದೆ.

ಕೇಳುವ ರೀತಿಯೂ ಮುಖ್ಯವೇ. ಗಲ್ಲೆಯಲ್ಲಿ ಕುಳಿತ ಗುಮಾಸ್ತನು ದರ ಗೊತ್ತುಮಾಡಿದವನಲ್ಲ. ಅವನ ಮೇಲೆ ಹರಿಹಾಯ್ದು ಫಲವಿಲ್ಲ. “ಈ ಸಾಲು ಅರ್ಥವಾಗಲಿಲ್ಲ, ದಯಮಾಡಿ ತಿಳಿಸಿ” ಎಂದರೆ ಎಷ್ಟೋ ತಪ್ಪುಗಳು ಅಲ್ಲಿಯೇ ತಿದ್ದಿಹೋಗುತ್ತವೆ. ತಿದ್ದದಿದ್ದರೆ ಆಸ್ಪತ್ರೆಯ ಮೇಲಧಿಕಾರಿಗಳಿಗೆ ಲಿಖಿತ ಮನವಿ, ಬಳಿಕ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ, ಇಲ್ಲವೇ ಗ್ರಾಹಕ ಆಯೋಗ.

ಪ್ರಾಮಾಣಿಕವಾಗಿ ದುಡಿಯುವ ವೈದ್ಯರಿಗೆ ಇದರಿಂದ ಹಾನಿಯಿಲ್ಲ. ತಿಳಿದು ಕೊಟ್ಟ ಹಣದ ಹಿಂದೆ ಕೃತಜ್ಞತೆ ಉಳಿಯುತ್ತದೆ. ತಿಳಿಯದೆ ತೆತ್ತ ಹಣದ ಹಿಂದೆ ಉಳಿಯುವುದು ಶಂಕೆ. ಬೆಲ್ಲದ ಚೀಟಿಯನ್ನು ಎರಡು ಸಲ ಓದುವ ಆ ತಾಯಿ ಆಸ್ಪತ್ರೆಯ ಕಾಗದವನ್ನು ಒಂದು ಸಲವಾದರೂ ಓದಲಿ. ಬಳೆ ಕಳಚುವ ಮುನ್ನವೇ ಓದಲಿ.